ಹನ್ನೊಂದು ಮಂದಿಗೆ ಉಡಿ

ಇವತ್ತು ಮುಂಜಾನೆ ಥಂಡಿ ಜೋರಾಯಿತಲ್ಲ, ಕೌದಿ ತೆಗೆಯೋಣ ಅಂತ ಕಪಾಟಿನ ಮೇಲಿನ ಹಲಗೆಗೆ ಕೈ ಹಾಕಿದೆ. ಕೌದಿ ಬರಲಿಲ್ಲ. ಅದರ ಮಡಿಕೆಯಿಂದ ಒಂದು ಹಸಿರು ರವಿಕೆ ಖಣ ಜಾರಿ ಮುಖದ ಮೇಲೇ ಬಿತ್ತು. ಅದರೊಳಗಿನ ಅರಿಷಿಣ ಬೇರು ಮೂಗಿಗೆ ಬಡಿಯಿತು, ಉತ್ತತ್ತಿಯೊಂದು ಉರುಳಿ ಮಂಚದ ಕೆಳಗೆ ಹೋಯಿತು. ಒಳಗಿನಿಂದ ಯಜಮಾನರು, "ಏನ್ ಬಿತ್ತು?" ಅಂದರು. "ನನ್ನ ವಿಶ್ವಕಪ್ಪು" ಅಂದೆ. ಅವರು ಮುಂದೆ ಕೇಳಲಿಲ್ಲ. ನನ್ನನ್ನು ಮದುವೆಯಾಗಿ ಹಾನಗಲ್ಲಿಗೆ ತಂದು ಇಷ್ಟು ವರ್ಷವಾದ ಮೇಲೆ ಅಷ್ಟು ತಿಳಿವಳಿಕೆ ಅವರಿಗೆ ಬಂದಿದೆ.

ಖಣವನ್ನು ಮೂಗಿಗೆ ಹಿಡಿದೆ. ಅರಿಷಿಣ, ಕೊಬ್ಬರಿ, ಅದರ ಹಿಂದೆ ಸಣ್ಣಗೆ ಜೋಳದ ಹಿಟ್ಟಿನ ವಾಸನೆ. ಆ ಹಿಟ್ಟಿನ ವಾಸನೆ ಗಿರಿಜತ್ತಿಯದು. ಸ್ವಲ್ಪ ಕುಂತು ಕೇಳ್ರಿ, ಆಕೆಯ ಸುದ್ದಿ ಹೇಳದೆ ಈ ಖಣದ ಸುದ್ದಿ ಹೇಳಲಾಗದು.

ಗಿರಿಜತ್ತಿ ಅಂದರೆ ನಮ್ಮ ಅಪ್ಪನ ತಂಗಿ. ಶಿಗ್ಗಾಂವಿಗೆ ಮದುವೆಯಾಗಿ ಹೋದಳು, ಗಂಡ ಬೇಗ ತೀರಿಕೊಂಡ, ಸವಣೂರಿನ ತವರಿಗೆ ಮರಳಿ ಬಂದಳು. ಬಂದವಳು ಮೂಲೆ ಹಿಡಿದು ಕೂರಲಿಲ್ಲ. ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಹಿಟ್ಟಿನ ಗಿರಣಿ ಹಾಕಿದಳು. ಹುಬ್ಬು, ರೆಪ್ಪೆ, ಮುಂಗುರುಳು ಎಲ್ಲ ಯಾವಾಗಲೂ ಹಿಟ್ಟು ಹತ್ತಿ ಬೆಳ್ಳಗೆ. ಬಾಯಿ ಮಾತ್ರ ಕೆಂಡ. ಸವಣೂರು ಖಾರಕ್ಕೆ ಹೆಸರಾಗಿದ್ದರೆ ಅದರಲ್ಲಿ ಅರ್ಧ ನನ್ನ ತಂಗಿಯದೇ ಅಂತ ಅಪ್ಪ ಅನ್ನುತ್ತಾನೆ, ಆಕೆ ಹತ್ತಿರ ಇಲ್ಲದಾಗ.

ಗಿರಣಿಯಲ್ಲಿ ಗ್ವಾಡಿಗೆ ಒಂದು ಟಿವಿ. ನಮ್ಮ ದೇಶದ ಹುಡುಗಿಯರ ಕ್ರಿಕೆಟ್ ತಂಡ ಯಾವ ಸೀಮೆಯಲ್ಲೇ ಆಡಲಿ, ಆ ಟಿವಿ ಹತ್ತಲೇಬೇಕು. ಗಂಡಸರ ಆಟವನ್ನು ಆಕೆ ನೋಡುವುದಿಲ್ಲ. "ಅವರ್ನ ನೋಡಾಕ ಊರ ಮಂದಿ ಐತಿ. ಈ ಹುಡುಗ್ಯಾರಿಗೆ ಯಾರದಾರ?" ಅನ್ನುತ್ತಾಳೆ. ಗಿರಣಿಯ ಸದ್ದಿನಲ್ಲಿ ಕಾಮೆಂಟರಿ ಕೇಳುವುದಿಲ್ಲ, ಹಾಗಾಗಿ ಕಾಮೆಂಟರಿಯೂ ಆಕೆಯದೇ. ಆಟಗಾರ್ತಿಯರ ಹೆಸರು ಬೇಕಿಲ್ಲ. ಒಬ್ಬಳು ಉದ್ದ ಜಡೆಯಾಕಿ, ಒಬ್ಬಳು ನಗು ಮಾರಿಯಾಕಿ, ಒಬ್ಬಳು ಎಡಚಿ. ಯಾರಾದರೂ ವೈಡ್ ಹಾಕಿದರೆ ಜರಡಿ ಎತ್ತಿ ತೋರಿಸುತ್ತಾಳೆ: "ಏ ಹುಚ್ಚೀ! ಮೂರ್ ಕಡ್ಡಿ ನಟ್ಟಗ ನಿಲ್ಲಿಸ್ಯಾರ, ಕಾಣವಲ್ತನು ನಿನಗ?" ಜೋಳದ ಡಬ್ಬಿ ಹಿಡಿದು ಬಂದ ಹೆಂಗಸರು ಅಲ್ಲೇ ಚೀಲದ ಮೇಲೆ ಕೂತುಬಿಡುತ್ತಾರೆ. ಹಿಟ್ಟು ಒಂದು ತಾಸು ತಡವಾಗುತ್ತದೆ, ಮನೆಗಳಲ್ಲಿ ಗಂಡಂದಿರು ರೊಟ್ಟಿ ಇಲ್ಲದೆ ಕೂರುತ್ತಾರೆ. ನಮ್ಮ ಓಣಿಯಲ್ಲಿ ಮಹಿಳಾ ಕ್ರಿಕೆಟ್ಟಿನ ಪರಿಣಾಮ ನೇರವಾಗಿ ಹೊಟ್ಟೆಯ ಮೇಲೆ ಆಗುತ್ತದೆ.

ಆದರೆ ಆ ಗಿರಣಿಗೆ ಒಂದು ವಿಚಿತ್ರ ರೋಗವಿತ್ತು. ಓಣಿಯಲ್ಲಿ ಬಸುರಿಯ ಕುಬುಸವೋ ನಿಶ್ಚಿತಾರ್ಥವೋ ಇದ್ದರೆ ಅತ್ತಿ ಎಲ್ಲರಿಗಿಂತ ಮೊದಲು ಹೋಗಿ ರೊಟ್ಟಿ ಬಡಿಯುವಳು, ಪಲ್ಯ ತಿರುವುವಳು, ಹಾಡೂ ಹೇಳುವಳು. ಉಡಿ ತುಂಬುವ ಹೊತ್ತು ಬಂತೋ, ಸರಿಯಾಗಿ ಆಗಲೇ ಗಿರಣಿಯ ಬೆಲ್ಟು ಜಾರುತ್ತಿತ್ತು. "ಬೆಲ್ಟ್ ನೋಡಿ ಬರ್ತೇನಿ" ಎಂದು ಎದ್ದು ಹೋಗುತ್ತಿದ್ದಳು. ನಿಮಗೆ ಗೊತ್ತಲ್ಲ, ಉಡಿ ತುಂಬುವುದೆಂದರೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ ಹಾಕಿ, ಮೇಲೊಂದು ಖಣ ಇಟ್ಟು ಹರಸುವುದು. ಮನೆ ಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು ಅನ್ನುತ್ತಾರೆ. ಗಂಡ ಸತ್ತ ಮಗಳಿಗೆ ಮಾತ್ರ ಆ ಮಾತು ಅನ್ವಯಿಸುವುದಿಲ್ಲ. ಆಕೆಗೆ ಯಾರೂ ತುಂಬುವುದಿಲ್ಲ, ಆಕೆ ಯಾರಿಗೂ ತುಂಬುವಂತಿಲ್ಲ. ಹೋಗು ಅಂತ ಅತ್ತಿಗೆ ಯಾರೂ ಅಂದದ್ದಿಲ್ಲ. ಇರು ಅಂತಲೂ ಯಾರೂ ಅಂದದ್ದಿಲ್ಲ.

ಈಗ ವಿಶ್ವಕಪ್ಪಿನ ಫೈನಲ್ಲಿಗೆ ಬರೋಣ. ಆ ದಿನ ನಾನು ಸವಣೂರಲ್ಲೇ ಇದ್ದೆ. ಗಿರಣಿ ಬಂದ್, ಟಿವಿ ಚಾಲೂ. ಚೀಲಗಳ ಮೇಲೆ ಓಣಿಯ ಅರ್ಧ ಹೆಂಗಸರು. ನಮ್ಮವರು ಆಡಿ ಮುಗಿಸಿದ್ದರು; ಎದುರಿನವರ ನಾಯಕಿ ನಿಂತುಬಿಟ್ಟಿದ್ದಳು, ಏನು ಮಾಡಿದರೂ ಅಲ್ಲಾಡಲೊಲ್ಲಳು. ನಮ್ಮ ಅವ್ವ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದಳು. ಪಕ್ಕದ ಮನೆಯ ಖೈರುಬಿ, ಗೆದ್ದರೆ ಹುಲಗೂರು ದರ್ಗಾದಲ್ಲಿ ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸುತ್ತೇನೆ ಅಂತ ಆಗಲೇ ಬೇಡಿಕೊಂಡಾಗಿತ್ತು. ಅಷ್ಟರಲ್ಲಿ ಆ ನಾಯಕಿ ಚೆಂಡನ್ನು ಎತ್ತಿ ಹೊಡೆದಳು. ನಮ್ಮ ಹುಡುಗಿಯೊಬ್ಬಳು ಓಡಿ ಬಂದಳು. ಚೆಂಡು ಕೈಗೆ ಬಂತು, ಪುಟಿಯಿತು. ಮತ್ತೆ ಬಂತು, ಮತ್ತೆ ಪುಟಿಯಿತು. ಅತ್ತಿ ಎದ್ದು ನಿಂತು ಕಿರಚಿದಳು:

"ಹಿಡೀ ನನ್ನವ್ವಾ, ಹಿಡೀ! ಗೆದ್ದ್ ಬರ್ರೀ, ನಿಮ್ಮ ಹನ್ನೊಂದೂ ಮಂದಿಗೆ ನನ್ನ ಕೈಯಾರೆ ಉಡಿ ತುಂಬ್ತೇನಿ!"

ಮೂರನೇ ಸಲ ಚೆಂಡು ಕೈಯಲ್ಲಿ ನಿಂತಿತು. ಮುಂದಿನದು ನಿಮಗೆ ಗೊತ್ತೇ ಇದೆ, ಗೆದ್ದರು. ನಾವು ಕುಣಿದೆವು. ನನ್ನ ಕುಣಿತಕ್ಕೆ ಗ್ವಾಡಿಯ ಮಾಡದಲ್ಲಿದ್ದ ಎಣ್ಣೆ ಡಬ್ಬಿ ಕೆಳಗೆ ಬಿತ್ತು. ಅದು ಭೂಕಂಪ ಅಲ್ಲ, ನಾನು ಅಂತ ಎಲ್ಲರಿಗೂ ತಕ್ಷಣ ತಿಳಿಯಿತು. ಟಿವಿಯಲ್ಲಿ ಹುಡುಗಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು, ನಾವೂ ಅತ್ತೆವು. ಕಾಲಿಗೆ ಪೆಟ್ಟಾಗಿ ಆಡಲಾಗದೆ ಗಾಲಿ ಕುರ್ಚಿಯಲ್ಲಿ ಬಂದಿದ್ದ ಒಬ್ಬ ಹುಡುಗಿಯನ್ನು ನೋಡಿ ಅತ್ತಿ ಎಲ್ಲರಿಗಿಂತ ಹೆಚ್ಚು ಅತ್ತಳು. ಅಳು ಎಲ್ಲ ಮುಗಿದ ಮೇಲೆ ಅವ್ವ ಮೆಲ್ಲಗೆ ಕೇಳಿದಳು:

"ಗಿರಿಜಾ, ಏನ್ ಬೇಡಿಕೊಂಡಿ ನೀ?"

ಅತ್ತಿ ಜರಡಿ ಕೆಳಗಿಟ್ಟು, "ಬೆಲ್ಟ್ ನೋಡ್ತೇನಿ" ಅಂದಳು. ಗಿರಣಿ ಬಂದಾಗಿಯೇ ಇತ್ತು.

ಖೈರುಬಿ ಮರುದಿನವೇ ಹುಲಗೂರಿಗೆ ಹೋಗಿ ಸಕ್ಕರೆ ಓದಿಸಿ, ಹಂಚಿ, ಕೈ ಝಾಡಿಸಿಕೊಂಡಳು. ಅತ್ತಿಗೆ ಹೊಟ್ಟೆಯುರಿ. "ನಿಂದೇನ್ ಬಿಡವಾ, ಸಕ್ಕರೀದಾಗ ಮುಗೀತು!" ನಮ್ಮ ಮನೆಯಲ್ಲಿ ದಿನಕ್ಕೊಂದು ಸಭೆ. ಉಡಿ ಸಾಮಾನು ಕಟ್ಟಿ ತಂಡಕ್ಕೆ ಕೊರಿಯರ್ ಮಾಡಿಬಿಡೋಣ ಅಂದ ಅಪ್ಪ. "ಹಾದ್ಯಾಗ ಉಡಿ ತೆಂಗಿನಕಾಯಿ ಒಡದ್ರ ಹುಡುಗ್ಯಾರಿಗೆ ಅಪಶಕುನ" ಅಂತ ಅವ್ವ ಬೈದಳು. ಓಣಿಯ ಹುಡುಗಿಯರನ್ನೇ ತಂಡ ಅಂತ ತಿಳಿದು ಕೂರಿಸೋಣ ಅಂದೆ ನಾನು. ಅದು ಎಲ್ಲರಿಗೂ ಹಿಡಿಸಿತು. ಉಳಿದದ್ದು ಕೈಯ ಪ್ರಶ್ನೆ. ಅವ್ವ ಪಾಪ ಒಳ್ಳೆಯ ಮನಸ್ಸಿನಿಂದ, "ನಿನ್ನ ಬದ್ಲಿ ನಾ ತುಂಬ್ತೇನಿ ತಗೋ" ಅಂದಳು.

"ಬೇಡಿಕೊಂಡಾಕಿ ನಾನು ವೈನಿ. ಆ ಹುಡುಗಿ ಕ್ಯಾಚ್ ಹಿಡಿಯೂ ಹೊತ್ತಿನ್ಯಾಗ 'ನಮ್ಮ ವೈನಿ ಕೈಯಾರೆ' ಅಂತ ಅಂದಿದ್ನೇನು?"

ಹಾಗಂತ ಆಕೆಗೆ ಧೈರ್ಯವಿತ್ತು ಅಂದುಕೊಳ್ಳಬೇಡಿ. ಒಂದು ಮಧ್ಯಾಹ್ನ ನಾನೊಬ್ಬಳೇ ಇದ್ದಾಗ ಅಂಗೈ ನೋಡಿಕೊಳ್ಳುತ್ತ, "ನನ್ನ ಕೈ ತಗಲಿ ಆ ಕೂಸುಗೊಳಿಗೆ ಏನರ ಕೆಡಕ ಆದ್ರ ಹೆಂಗ?" ಅಂದಳು. ಓಣಿಯ ಅಷ್ಟೂ ಮನೆಗಳ ರೊಟ್ಟಿಗೆ ಹಿಟ್ಟು ಬೀಸಿದ ಕೈ ಅದು. ನನಗೆ ಸಿಟ್ಟು ಬಂತು, ಅಳುವೂ ಬಂತು.

ಹೀಗೆ ದಿನ ಉರುಳುತ್ತಿದ್ದಾಗ ನಮ್ಮ ಹುಡುಗಿಯರು ಕಡೆಗಳಿಗೆಯಲ್ಲಿ ರನ್ ಔಟ್ ಆಗಿ ಯಾವುದೋ ಒಂದು ಸಣ್ಣ ಪಂದ್ಯ ಸೋತರು. ಅಬ್ಬಬ್ಬಾ, ಓಣಿ ಎದ್ದು ಕುಂತಿತು! ಡಬ್ಬಿ ತಂದವರೆಲ್ಲ ಅತ್ತಿಗೆ ಬೈಯುವವರೇ. "ಹರಕಿ ತೀರಿಸಲಾರದ್ದಕ್ಕ ಹಿಂಗಾತು." "ನಿಮ್ಮ ಸಲುವಾಗಿ ದೇಶ ಸೋಲಬೇಕೇನ್ರಿ ಗಿರಿಜಕ್ಕಾ?" ತನ್ನ ಮಗಳ ಮದುವೆಯಲ್ಲಿ ಅತ್ತಿಯನ್ನು ಹಿಂದಿನ ಸಾಲಿಗೆ ಕೂರಿಸಿದ್ದವಳೇ ಈಗ, ಇವತ್ತೇ ಉಡಿ ತುಂಬು ಅಂತ ಜಗಳಕ್ಕೆ ನಿಂತಳು. ಎಷ್ಟೋ ಮಂದಿ ದೊಡ್ಡವರು ಭಾಷಣ ಮಾಡಿ ಆಗದ ಕೆಲಸವನ್ನು ನಮ್ಮ ಓಣಿಯಲ್ಲಿ ಒಂದು ರನ್ ಔಟ್ ಮಾಡಿತು ಅಂದರೆ ನಂಬಬೇಕು ನೀವು.

ಆದರೂ ಕಟ್ಟಕಡೆಯ ತೀರ್ಪು ಚಿಕ್ಕೇರೂರ ಆಯಿಯದು. ಆಕೆ ನಮ್ಮ ಅಜ್ಜನ ತಂಗಿ. ಹಿರೇಕೆರೂರು ಕಡೆಯ ಚಿಕ್ಕೇರೂರಿಗೆ ಕೊಟ್ಟ, ನಮ್ಮದೇ ಮನೆಯ ಮಗಳು. ಗಂಡ ಹೋದದ್ದು ನಾನು ಹುಟ್ಟುವುದಕ್ಕೂ ಮುಂಚೆ. ನಮ್ಮ ಮನೆತನದ ರೀತಿ ರಿವಾಜು ಎಲ್ಲ ಆಕೆಯ ನಾಲಿಗೆಯ ಮೇಲೆ. ಬಸ್ ಬದಲಿಸಿ ಬದಲಿಸಿ, ಬೈದುಕೊಳ್ಳುತ್ತಲೇ ಸವಣೂರಿಗೆ ಬಂದಳು. ಬಸಿಯಲ್ಲಿ ಚಹಾ ಹಾಕಿಕೊಟ್ಟೆ. ಸೊರ್ ಅಂತ ಎರಡು ಗುಟುಕು ಒಳಗೆ ಹೋಗಲಿ ಅಂತ ಕಾದು, ಬಲು ಸಂಭಾವಿತಳ ಹಾಗೆ ಕೇಳಿದೆ:

"ಆಯಿ, ಒಬ್ಬರು ಬೇಡಿಕೊಂಡದ್ದನ್ನ ಮತ್ತೊಬ್ಬರು ತೀರಿಸಬಹುದನು?"

"ಅದ್ಹೆಂಗ ಆಕ್ಕೈತಿ? ಯಾರ ಬಾಯಿಂದ ಬಂತೋ ಅವರ ಕೈಯಿಂದನ ತೀರಬೇಕು."

"ಹಂಗಾದ್ರ ಅತ್ತೀನ ಉಡಿ ತುಂಬಬೇಕಲ್ಲ?"

ಬಸಿ ತುಟಿಯ ಹತ್ತಿರವೇ ನಿಂತಿತು. ಆಯಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಸಣ್ಣವಳಿದ್ದಾಗ ಹುರಕ್ಕಿ ಹೋಳಿಗೆ ಕದ್ದು ಸಿಕ್ಕಾಗ ನೋಡಿದ್ದಳು, ಅದೇ ನೋಟ. ಅತ್ತಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಆಯಿ ಚಹಾ ಮುಗಿಸಿ, ಬಾಯಿ ಒರೆಸಿಕೊಂಡು ಅಂದಳು:

"ಮೊನ್ನಿ ಮ್ಯಾಚಿನ್ಯಾಗ ಇಬ್ಬರೂ ಒಂದ ಕಡೆ ಓಡಿದ್ವಲ್ಲ, ಖೋಡಿಗಳು. ಹಂಗ್ಯಾರರ ಓಡ್ತಾರನು? ತುಂಬ್ಲಿ ತಗೋ. ಇನ್ನೊಮ್ಮಿ ಸೋಲೂದು ನನ್ನ ಕಡೆಯಿಂದ ನೋಡಾಕ ಆಗೂದಿಲ್ಲ."

ಮುದುಕಿ ಮೊಮ್ಮಗನ ಮೊಬೈಲಿನಲ್ಲಿ ಒಂದೂ ಪಂದ್ಯ ಬಿಟ್ಟಿರಲಿಲ್ಲ!

ಆಮೇಲೆ ತಂಡದ ಆಯ್ಕೆ. ದೇಶದ ಆಯ್ಕೆ ಸಮಿತಿಗೂ ಅಷ್ಟು ಜಗಳ ಇರಲಿಕ್ಕಿಲ್ಲ. ಆ ಕ್ಯಾಚ್ ಹಿಡಿದವಳ ಜಾಗಕ್ಕೇ ಮೂವರು ಹೊಡೆದಾಡಿದರು. ಖೈರುಬಿಯ ಮಗಳು ನಾಜ್ನೀನ್, ಓಣಿಯ ಕಿಡಕಿ ಗಾಜು ಒಡೆಯುವುದರಲ್ಲಿ ಪ್ರಸಿದ್ಧಳು, ಪ್ರಶ್ನೆಯೇ ಇಲ್ಲದೆ ವೇಗದ ಬೌಲರ್ ಆದಳು. ಒಬ್ಬಳು ಕಡಿಮೆ ಬಿದ್ದದ್ದಕ್ಕೆ ನನ್ನನ್ನೂ ಸೇರಿಸಿದರು. "ನೀ ಸ್ಲಿಪ್ಪಿನ್ಯಾಗ ನಿಂದ್ರು, ಅಲ್ಲಿ ಓಡೂದಿರೂದಿಲ್ಲ" ಅಂದಳು ಅತ್ತಿ. ಪ್ಯಾಟೆಯಿಂದ ಖಣ ತಂದಾಗ ನೋಡಿದರೆ ಹನ್ನೆರಡಿದ್ದವು.

"ಒಂದ್ ಹೆಚ್ಚಾತಲ್ಲ ಅತ್ತಿ?"

"ಗಾಲಿ ಕುರ್ಚಿ ಮ್ಯಾಲೆ ಕುಂತಿದ್ಲಲ್ಲ, ಆಕೀಗೆ. ಹೊರಗ ಕುಂತಾಕೀನೂ ನಮ್ಮಾಕೀನ."

ಆದರೆ ಆಕೆಯ ಜಾಗಕ್ಕೆ ಕೂರಲು ಒಬ್ಬ ಹುಡುಗಿಯೂ ಒಪ್ಪಲಿಲ್ಲ. ಎಲ್ಲರಿಗೂ ಆಡಬೇಕು. ಹೊರಗೆ ಕೂರುವುದು ಯಾರಿಗೆ ಬೇಕು ಹೇಳ್ರಿ.

ಉಡಿ ತುಂಬುವ ದಿನ ಪಡಸಾಲೆಯಲ್ಲಿ ಜಮಖಾನ ಹಾಸಿ ನಮ್ಮನ್ನು ಸಾಲಾಗಿ ಕೂರಿಸಿದರು. ಕೀಪರ್ ಆದ ಹುಡುಗಿ ಗ್ಲೌಸ್ ತೆಗೆಯಲೊಲ್ಲಳು. ನಾಜ್ನೀನ್ ನೀಲಿ ಜೆರ್ಸಿ ಹಾಕಿಕೊಂಡು ಬಂದು, ಸೆರಗು ಹಿಡಿ ಅಂದರೆ ಜೆರ್ಸಿಯ ಅಂಚನ್ನೇ ಎತ್ತಿ ಹಿಡಿದಳು. "ತೋಬಾ ತೋಬಾ!" ಎಂದು ಖೈರುಬಿ ಓಡಿ ಬಂದು ತನ್ನ ಓಢಣಿ ಹೊದಿಸಿದಳು. ನಗುವ ಗದ್ದಲ. ಅತ್ತಿ ಮೊದಲ ಹುಡುಗಿಯ ಮುಂದೆ ಕೂತಳು. ಬೊಗಸೆಯ ಅಕ್ಕಿ ಸ್ವಲ್ಪ ಕೆಳಗೆ ಚೆಲ್ಲಿತು. ಎರಡನೆಯವಳಿಗೆ ಹಾಕುವಾಗ ಒಂದು ಕಾಳೂ ಚೆಲ್ಲಲಿಲ್ಲ. ನನ್ನ ಹತ್ತಿರ ಬರುವಷ್ಟರಲ್ಲಿ ಕೈ ಎಷ್ಟು ಹದಕ್ಕೆ ಬಂದಿತ್ತೆಂದರೆ, ಖಣ ಇಟ್ಟು, ಮುಖಕ್ಕೆ ಲಟಿಗೆ ಮುರಿದು, "ಹೊಲಿಸಿ ತೊಟ್ಕೋ, ಮತ್ತ ಕಪಾಟಿನ್ಯಾಗ ತುರುಕಬ್ಯಾಡ" ಅಂತ ಬೈಯಲೂ ಪುರುಸೊತ್ತಿತ್ತು.

ಹನ್ನೊಂದೂ ಮುಗಿಯಿತು. ಮೊರದಲ್ಲಿ ಒಂದು ಖಣ, ಒಂದಷ್ಟು ಅಕ್ಕಿ ಉಳಿಯಿತು. ಅತ್ತಿ ಎದ್ದು, ಅಭ್ಯಾಸಬಲದಿಂದ, "ಬೆಲ್ಟ್..." ಅಂದಳು.

"ಬೆಲ್ಟಿಗೆ ಬೆಂಕಿ ಹಚ್ಚು" ಅಂದಳು ಚಿಕ್ಕೇರೂರ ಆಯಿ. ಮೊಣಕಾಲ ಮೇಲೆ ಕೈಯೂರಿ, ನರಳುತ್ತ ಎದ್ದು ಬಂದು ಮೊರವನ್ನು ತನ್ನ ಕಡೆ ಎಳೆದುಕೊಂಡಳು. "ಹೊರಗ ಕುಂತಾಕಿ ಜಾಗಾಕ್ಕ ಯಾರೂ ಸಿಗಲಿಲ್ಲ ಅಂದ್ಯಲ್ಲ? ಇಷ್ಟ್ ವರ್ಷ ಹೊರಗ ಕುಂತಾಕಿ ನೀನ ಅದೀ. ಕುಂದ್ರ. ಸೆರಗ ಹಿಡಿ."

ಅತ್ತಿ ನಿಂತೇ ಇದ್ದಳು. ಅವ್ವ ಆಕೆಯ ಭುಜ ಒತ್ತಿ ಕೂರಿಸಿದಳು. ತಾನೂ ಎಷ್ಟೋ ಕಾಲದಿಂದ ಆ ಸಾಮಾನು ಮುಟ್ಟದಿದ್ದ ಆಯಿ, ಸುಕ್ಕುಗಟ್ಟಿದ ಕೈಯಿಂದ ಅತ್ತಿಯ ಸೆರಗಿಗೆ ಅಕ್ಕಿ ಹಾಕಿದಳು. ಅತ್ತಿಯ ಕೆನ್ನೆಯ ಮೇಲಿನ ಹಿಟ್ಟು ಕಣ್ಣೀರಿಗೆ ಕಲಸಿ ಇಳಿಯಿತು. ನಾವು ಹನ್ನೊಂದೂ ಮಂದಿ, ದೇಶದ ಗೆದ್ದ ತಂಡ, ಕುಂತಲ್ಲೇ ಅತ್ತೆವು.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರಲಾಗಲಿಲ್ಲ. ಮಂಚದ ಕೆಳಗಿನ ಉತ್ತತ್ತಿ ಹುಡುಕಿ ಬಾಯಿಗೆ ಹಾಕಿಕೊಂಡು, ಸವಣೂರಿಗೆ ಫೋನ್ ಹಚ್ಚಿದೆ. ಮುಂದಿನ ವಾರ ಹುಡುಗಿಯರ ಮತ್ತೊಂದು ದೊಡ್ಡ ಪಂದ್ಯಾವಳಿ ಶುರು.

"ಅತ್ತಿ, ಈ ಸಲ ಏನ್ ಬೇಡಿಕೊಂಡಿ?"

"ನಾ ಏನೂ ಬೇಡಿಕೊಂಡಿಲ್ಲವಾ. ಈ ಸಲ ಚಿಕ್ಕೇರೂರಾಕಿ ಬೇಡಿಕೊಂಡಾಳ. ಗೆದ್ರ ತಾನ ಬಂದು ಹನ್ನೆರಡೂ ಮಂದಿಗೆ ತುಂಬ್ತಾಳಂತ. ಖಣ ನಿನಗ ತರಾಕ ಹೇಳ್ಯಾಳ."

"ಹನ್ನೆರಡ ತರ್ಲೇನು?"

"ಹದಿಮೂರ್ ತಾ ಅಂದಾಳ."

"ಹದಿಮೂರನೇದು ಯಾರಿಗೆ?"

ಆ ಕಡೆ ಗಿರಣಿ ನಿಂತ ಸದ್ದು ಕೇಳಿಸಿತು. "ಆಕಿ ಹೇಳಿಲ್ಲ, ನಾನೂ ಕೇಳಿಲ್ಲ" ಅಂದಳು ಅತ್ತಿ. "ಅದೊಂದು ಆ ಮುದುಕೀಗೆ ಒಪ್ಪೂ ಹಂಗ ಛಲೋ ಬಣ್ಣದ್ದು ನೋಡಿ ತಾ. ಅದನ್ನ ತುಂಬಾಕಿ ನಾನು."

ಈಗ ಚಪ್ಪಲಿ ಮೆಟ್ಟಿ ಹೊರಟಿದ್ದೇನೆ. ಮೊದಲು ದರ್ಜಿಯ ಹತ್ತಿರ ಈ ಹಸಿರು ಖಣ ಕೊಟ್ಟು, ಅವನ ಟೇಪು ಸಾಲುತ್ತದೋ ಇಲ್ಲವೋ ನೋಡಬೇಕು. ಆಮೇಲೆ ಖಣದ ಅಂಗಡಿ. ಹುಡುಗಿಯರು ಗೆದ್ದ ಮೇಲೆ ಹನ್ನೆರಡು ತಂದರಾಯಿತು. ಆ ಹದಿಮೂರನೆಯದನ್ನು ಮಾತ್ರ ಇವತ್ತೇ ತರುತ್ತೇನೆ. ಅದಕ್ಕೆ ಯಾರೂ ಗೆಲ್ಲಬೇಕಾಗಿಲ್ಲ.