ಇಲಿಯ ಪಥ್ಯ, ಅತ್ತೆಯ ತಟ್ಟೆ

ಹೋದ ಮಂಗಳವಾರ ಮಧ್ಯಾಹ್ನ ನಮ್ಮತ್ತೆ ರೇಷ್ಮೆಹುಳು ಸಾಕುವ ಕೋಣೆಯಲ್ಲಿ ಕುಸಿದುಬಿಟ್ಟರು. ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು, ಮೈಯೆಲ್ಲ ಬೆವರು, ಮಾತು ತೊದಲು. ಸಕ್ಕರೆ ನೀರು ಕುಡಿಸಿ, ಆಟೊ ಹತ್ತಿಸಿಕೊಂಡು ಶಿಡ್ಲಘಟ್ಟದ ಆಸ್ಪತ್ರೆಗೆ ಓಡಿದೆವು.

ಡ್ರಿಪ್ ಹಾಕಿದ ಮೇಲೆ ಡಾಕ್ಟರು ಕೇಳಿದರು. “ಶುಗರ್ ತೀರಾ ಇಳಿದುಬಿಟ್ಟಿದೆ. ಮಾತ್ರೆ ನುಂಗಿ ಏನಮ್ಮ ತಿಂದ್ರಿ?”

“ಅರ್ಧ ಮುದ್ದೆ. ನಮ್ಮುಡುಗ ಅಷ್ಟೇ ಸಾಕು ಅಂದವ್ನೆ.”

ಆ ಹುಡುಗನಿಗೆ ಐವತ್ತೆರಡು ವರ್ಷ. ನನ್ನ ಗಂಡ. ಹೈಸ್ಕೂಲ್ ಮೇಷ್ಟ್ರು ಬೇರೆ!

ಶುರುವಾಗಿದ್ದು ಒಂದು ವಿಡಿಯೊದಿಂದ. ಯಾವುದೋ ಲ್ಯಾಬಿನಲ್ಲಿ ಇಲಿಗಳಿಗೆ ಬೇರೆ ಬೇರೆ ಎಣ್ಣೆ ತಿನ್ನಿಸಿದರಂತೆ. ಕೆಲವಕ್ಕೆ ಊಟ ಕಡಿತ ಮಾಡಿದರಂತೆ. ಕಡಿಮೆ ತಿಂದವೇ ಹೆಚ್ಚು ದಿನ ಬದುಕಿದವಂತೆ. ಸಾಕಲ್ಲ! ಮಾರನೇ ದಿನವೇ ಕಡಲೆಕಾಯಿ ಎಣ್ಣೆ ಕ್ಯಾನು ಅಟ್ಟ ಸೇರಿತು. ಸಾರಿಗೆ ಒಗ್ಗರಣೆ ನಿಂತಿತು. ಅತ್ತೆಯ ಮುದ್ದೆ ಅರ್ಧವಾಯಿತು. (ಇವರು ತಮ್ಮದನ್ನೂ ಅರ್ಧ ಮಾಡಿಕೊಂಡರು, ಸುಳ್ಳು ಹೇಳಬಾರದು. ಆದರೆ ಇವರು ಶುಗರ್ ಮಾತ್ರೆ ನುಂಗುವುದಿಲ್ಲವಲ್ಲ!)

“ನೇನೇಮನ್ನಾ ಎಲುಕನಾ?” ಎಂದು ಅತ್ತೆ ಮೊದಲ ದಿನ ರೇಗಿದರು. ನಾನೇನು ಇಲಿಯಾ, ಅಂತ. (ಸಿಟ್ಟು ಬಂದರೆ ಅವರಿಗೆ ತೆಲುಗೇ ಬರುವುದು.)

“ಅಪ್ಪನ್ ಥರ ನೀನೂ ಹಾರ್ಟ್ ಅಟ್ಯಾಕಲ್ಲಿ ಹೋಗ್ಬಾರ್ದು ಕಣಮ್ಮ” ಅಂದರು ಇವರು.

ಅತ್ತೆ ಮಗನ ಭಯ ಕಂಡು ಹಸಿವನ್ನು ನುಂಗಿಕೊಂಡರು. ನಾನು? ದಿನಾ ಬಡಿಸುವವಳು ನಾನೇ. ಇವರ ಜೊತೆ ಯಾರು ವಾದ ಮಾಡುತ್ತಾರೆ ಅಂತ ಸುಮ್ಮನಿದ್ದೆ. ಅದಕ್ಕೂ ನನಗೆ ಮೈ ಉರಿಯುತ್ತದೆ.

ನನ್ನ ಅಕ್ಕನ ಮಗಳು ಕಾವ್ಯ ಚಿಕ್ಕಬಳ್ಳಾಪುರದ ಹತ್ತಿರ ಫಾರ್ಮಸಿ ಓದುತ್ತಾಳೆ. ಅವಳ ಪ್ರಾಜೆಕ್ಟೂ ಇಲಿಗಳ ಮೇಲೆಯೇ. ಸುದ್ದಿ ಕೇಳಿ ಸಂಜೆಯ ಬಸ್ಸಿಗೆ ಬಂದಳು. ಇವರು ಕಾರಿಡಾರಿನಲ್ಲಿ ಅವಳಿಗೂ ವಿಡಿಯೊ ತೋರಿಸಲು ಹೋದರು. “ನೋಡಮ್ಮ, ಸೈನ್ಸೇ ಹೇಳಿದೆ.”

“ಚಿಕ್ಕಪ್ಪ, ಊಟ ಕಮ್ಮಿ ಮಾಡಿದ್ರೂ ಇಲಿಗೆ ವಿಟಮಿನ್ನು, ಪ್ರೋಟೀನು ಕಮ್ಮಿ ಆಗ್ದಂಗೆ ನೋಡ್ಕೋತೀವಿ. ತೂಕ ಹಾಕ್ತಾನೇ ಇರ್ತೀವಿ. ಒಂದು ಮಂಕಾಯ್ತು ಅಂದ್ರೆ ತಕ್ಷಣ ಎತ್ತಿ ಬೇರೆ ಇಡ್ತೀವಿ. ಅಜ್ಜೀನ ಯಾರು ನೋಡಿದ್ರಿ?”

ಮೇಷ್ಟ್ರ ಫೋನು ಜೇಬಿಗೆ ಹೋಯಿತು.

ಮಾರನೇ ದಿನ ಬೆಳಿಗ್ಗೆ ಅತ್ತೆಯನ್ನು ಮನೆಗೆ ಕಳಿಸಿದರು. ಡಾಕ್ಟರು ಮಾತ್ರೆ ಬದಲಿಸಿದ್ದಾರೆ. ಎಣ್ಣೆ ಮಿತವಾಗಿರಲಿ, ಹೊತ್ತೊತ್ತಿಗೆ ಊಟ ತಪ್ಪಬಾರದು ಎಂದಿದ್ದಾರೆ. ಇಷ್ಟನ್ನು ಮೊದಲೇ ಹೋಗಿ ಕೇಳುವುದಕ್ಕೆ ಏನಾಗಿತ್ತು? ಐದು ನಿಮಿಷದ ವಿಡಿಯೊಗೆ ಇರುವ ಮರ್ಯಾದೆ ಎದುರಿಗೆ ಕೂತ ಮನುಷ್ಯರಿಗೆ ಯಾಕಿಲ್ಲ?

ಮಧ್ಯಾಹ್ನ ಬಸ್ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಇವರೇ ತಟ್ಟೆ ತಂದು ಅತ್ತೆಯ ಮುಂದೆ ಕೂತರು. “ಸಾಕಾ ಅಮ್ಮ?” ಅಂದರು.

“ಇನ್ನೊಂಚೂರು ಇಕ್ಕಪ್ಪ” ಅಂದರು ಅತ್ತೆ.

ಹೆತ್ತವಳಿಗೆ ಹಸಿವಾಗಿದೆಯಾ ಅಂತ ತಿಳಿಯಲು ಯಾವ ಲ್ಯಾಬ್ ಬೇಕು ಸ್ವಾಮಿ?