ವರ್ಷಕ್ಕೆ ಎರಡು ಪುಟ

ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಆಮೇಲೆ ಕಟ್ಟಿಕೊಂಡದ್ದು ಎಂಬುದು ನನಗೆ ಖಾತ್ರಿಯಿಲ್ಲ. ಆಧಾರವಿಲ್ಲದೆ ಯಾವುದನ್ನೂ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಆ ಪಾಠವನ್ನು ನಾನು ಸಿಕ್ಕಸಿಕ್ಕವರ ಮೇಲೆಲ್ಲ ಪ್ರಯೋಗಿಸಿದೆ; ಹೆಂಡತಿಯ ತವರಿನಲ್ಲಿ ಅದರಿಂದ ಒಳ್ಳೆಯ ಹೆಸರೇನೂ ಬರಲಿಲ್ಲ. ಕಡೆಗೆ ಅದು ತಿರುಗಿ ನನ್ನ ನೆನಪಿನ ಮೇಲೇ ಬಿತ್ತು. ಈಗ ನನಗೆ ಸಂಶಯವಿಲ್ಲದೆ ಉಳಿದಿರುವುದು ಸಿಟ್ಟೊಂದೇ. ಯಾರು ಏನು ಅಂದರು ಎಂಬುದು ಮಸುಕಾಗಿದೆ, ಸಿಟ್ಟು ಮಾತ್ರ ನಿನ್ನೆ ರುಬ್ಬಿದ ಖಾರದಂತೆ ಇದೆ.

ಮಕ್ಕಳಿಗಾಗಿ ಬರೆಯುವವನನ್ನು ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ನಿಮಗೆ ಪ್ರೇರಣೆ ಯಾರು? ಕೇಳುವವರ ಮುಖ ನೋಡಿದರೆ ಸಾಕು, ಅವರಿಗೆ ಕಥೆ ಹೇಳುವ ಒಬ್ಬ ಅಜ್ಜಿ ಬೇಕಾಗಿದ್ದಾಳೆ ಎಂದು ತಿಳಿಯುತ್ತದೆ. ನನ್ನ ಅಜ್ಜಿ ಕಥೆ ಹೇಳುತ್ತಿರಲಿಲ್ಲ, ಬೈಯುತ್ತಿದ್ದಳು. ನನಗೆ ಪ್ರೇರಣೆ ಕೊಟ್ಟದ್ದು ಒಂದು ಬೀಗ.

ಎಂಬತ್ತರ ದಶಕದ ಮೊದಲ ವರ್ಷಗಳವು. ಕಮಲಾಪುರದಲ್ಲಿ ನಾನು ಕಲಿತ ಶಾಲೆಗೆ ಗ್ರಂಥಾಲಯವಿತ್ತು. ಗ್ರಂಥಾಲಯವೆಂದರೆ ಹೆಡ್‌ಮಾಸ್ತರರ ಕೋಣೆಯ ಹೊರಗೆ ಪಡಸಾಲೆಯಲ್ಲಿ ನಿಂತಿದ್ದ, ಗಾಜಿನ ಬಾಗಿಲಿನ ಒಂದು ಕಪಾಟು. ಮೇಲೆ ‘ಗ್ರಂಥಾಲಯ’ ಎಂಬ ಬಿಳಿ ಅಕ್ಷರ, ಕೆಳಗೆ ಬೀಗ. ನಮ್ಮೂರಿನ ಕೆಂಪು ಬಾಳೆಯ ತೋಟಗಳಿಗೂ ಬೇಲಿ ಇತ್ತು, ಆದರೆ ಬೇಲಿ ಎಂದರೆ ಎಲ್ಲೋ ಒಂದು ಕಡೆ ಸಂದು ಇದ್ದೇ ಇರುತ್ತದೆ. ಕಪಾಟಿಗೆ ಸಂದಿರಲಿಲ್ಲ. ಹಣ್ಣು ಕದ್ದು ತಿಂದೆವು, ಪುಸ್ತಕ ಕದಿಯಲಾಗಲಿಲ್ಲ.

ನಡುವಿನ ಹಲಗೆಯ ಮೇಲೆ, ಶೋಭೆಗೆಂದು, ದೊಡ್ಡದೊಂದು ಚಿತ್ರದ ಪುಸ್ತಕವನ್ನು ತೆರೆದು ನಿಲ್ಲಿಸಿದ್ದರು. ಅದು ಒಂದು ಒಂಟೆಯ ಕಥೆ. ಬೀಗ ತೆಗೆಯುತ್ತಿದ್ದುದು ವರ್ಷಕ್ಕೊಮ್ಮೆ, ದಸರೆಯಲ್ಲಿ ಸರಸ್ವತಿ ಪೂಜೆಯ ದಿನ. ಹೆಡ್‌ಮಾಸ್ತರರು ಪುಸ್ತಕಗಳ ಧೂಳೊರೆಸಿ, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕೊನೆಗೆ ಒಂಟೆಯ ಪುಸ್ತಕದ ಒಂದು ಹಾಳೆ ತಿರುವಿ ಮತ್ತೆ ಬೀಗ ಹಾಕುತ್ತಿದ್ದರು. ಹಾಳೆ ತಿರುವುತ್ತಿದ್ದುದು ನಮ್ಮ ಮೇಲಿನ ಕರುಣೆಯಿಂದ ಎಂದು ತಿಳಿಯಬೇಡಿ. ಒಂದೇ ಪುಟಕ್ಕೆ ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆಂದು! ನಮ್ಮ ಕಡೆಯ ಬಿಸಿಲಿಗೆ ಹಾಸುಗಲ್ಲೇ ಬಿಳಿಚುತ್ತದೆ, ಒಂಟೆ ಯಾವ ಲೆಕ್ಕ. ಪೂಜೆಯ ದಿನ ಹತ್ತಿರ ಹೋಗಿ ಓದೋಣವೆಂದರೆ ಅದೂ ಇಲ್ಲ. ಆ ದಿನ ಪುಸ್ತಕ ಓದಿದರೆ ವಿದ್ಯೆ ಹೋಗುತ್ತದಂತೆ. ಉಳಿದ ದಿನ ಬೀಗ, ಬೀಗ ತೆಗೆದ ದಿನ ಮಡಿ.

ಹೀಗೆ ನಾವು ಒಂದು ಕಥೆಯನ್ನು ವರ್ಷಕ್ಕೆ ಎರಡು ಪುಟದಂತೆ, ಗಾಜಿಗೆ ಮೂಗು ಒತ್ತಿ ಓದಿದೆವು. ಅದರಲ್ಲೂ ಹೆಡ್‌ಮಾಸ್ತರರ ಬೆರಳು ದಪ್ಪ. ಕೆಲವು ಸಲ ಮೂರು ನಾಲ್ಕು ಹಾಳೆ ಒಟ್ಟಿಗೆ ತಿರುಗಿಬಿಡುತ್ತಿದ್ದವು. ಒಂದು ವರ್ಷ ಒಂಟೆ ಬಾವಿಯೊಳಗೆ ಇಣುಕಿ ನೋಡುತ್ತಿತ್ತು. ಮರುವರ್ಷ ನೋಡಿದರೆ ದೋಣಿಯಲ್ಲಿ ಕುಳಿತಿತ್ತು. ಬಾವಿಯಿಂದ ದೋಣಿಗೆ ಹೋದದ್ದು ಹೇಗೆ? ಇಡೀ ವರ್ಷ ನಮಗೆ ಅದೇ ಚರ್ಚೆ. ಯಾವ ವಿಮರ್ಶಕನೂ ಎರಡು ಪುಟಕ್ಕಾಗಿ ಅಷ್ಟು ತಲೆ ಕೆಡಿಸಿಕೊಂಡಿರಲಾರ. ಓಲೆಗರಿಯ ಕಾಲದಲ್ಲಿ ಪ್ರತಿ ಮಾಡುವವರು ಕಡೆಯಲ್ಲಿ ಒಂದು ಬೇಡಿಕೆ ಬರೆಯುತ್ತಿದ್ದರಂತೆ: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಮೂರ್ಖನ ಕೈಗೆ ಕೊಡಬೇಡಿ ಎಂದು. ನಮ್ಮವರು ಕಡೆಯ ಮಾತನ್ನಷ್ಟೇ ಗಟ್ಟಿಯಾಗಿ ಹಿಡಿದು, ಮಕ್ಕಳೆಲ್ಲ ಮೂರ್ಖರು ಎಂಬ ಟೀಕೆ ಬರೆದು ಬೀಗ ಜಡಿದರು.

ನನ್ನ ತರಗತಿಯಲ್ಲಿ ಶಾಂತಾ ಎಂಬ ಹುಡುಗಿ ಇದ್ದಳು. ಗೋಡೆಯ ಮೇಲೆ ಬುದ್ಧನ ಫೋಟೊ ಇದ್ದ ಮನೆಯವಳು. ಅವರ ಓಣಿಯವರಿಗೆ ಊರ ಬಾವಿಯಲ್ಲಿ ನೀರು ಸೇದಲು ಬಿಡುತ್ತಿರಲಿಲ್ಲ. ಆ ಒಂಟೆಗೆ ಬಾವಿಯ ನೀರು ಕುಡಿಯಲು ಬಿಡಲಿಲ್ಲ, ಅದಕ್ಕೇ ಅದು ದೋಣಿ ಹತ್ತಿ ಬೇರೆ ಊರಿಗೆ ಹೊರಟಿತು ಎಂದು ಅವಳು ಹೇಳಿದಳು ಎಂಬುದು ನನ್ನ ನೆನಪು. ಆ ಒಂದು ಮಾತು ನನ್ನೊಳಗೆ ಕೂತುಬಿಟ್ಟಿತು. ನನ್ನ ಮೊದಲ ಮಕ್ಕಳ ಪುಸ್ತಕ ಹುಟ್ಟಿದ್ದು ಅದರಿಂದಲೇ: ಬೀಗ ಹಾಕಿದ ಕಪಾಟಿನ ಮುಂದೆ ಒಬ್ಬ ಹುಡುಗಿ, ಬಾವಿಯ ಮುಂದೆ ನೀರು ಸಿಗದ ಒಂಟೆ. ಅರ್ಪಣೆಯ ಪುಟದಲ್ಲಿ ಅವಳ ಹೆಸರನ್ನೂ ಆ ಮಾತನ್ನೂ ಹಾಕಿದೆ. ಭಾಷಣಗಳಲ್ಲಿ ಹೇಳಿ ಹೇಳಿ ಅದು ಎಷ್ಟು ನುಣುಪಾಯಿತೆಂದರೆ ನನಗೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಶಾಲೆಗೂ ಆ ಪುಸ್ತಕಕ್ಕೂ ನಡುವೆ ಕಲಬುರಗಿಗೆ ಬಂದೆ. ಗಾಜಿಪುರದಲ್ಲಿ ಬಾಡಿಗೆ ಕೋಣೆ, ವಿಶ್ವವಿದ್ಯಾಲಯದಲ್ಲಿ ಎಂ.ಎ. ಅಲ್ಲಿಯ ಗ್ರಂಥಾಲಯದಲ್ಲಿ ಪುಸ್ತಕಗಳು ಬೀಗವಿಲ್ಲದೆ ನಿಂತಿದ್ದವು. ಮೊದಲ ದಿನ ಸಾಲುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಓಡಾಡಿದೆ. ಅಲ್ಲಿದ್ದ ನೌಕರರೊಬ್ಬರು ಏನು ಬೇಕೆಂದು ಕೇಳಿದಾಗ, ಮುಟ್ಟಬಹುದೇ ಎಂದೆ. ‘ಮುಟ್ಟಲಾರ್ದೆ ಹ್ಯಾಂಗ ಓದ್ತೀಯಪ್ಪ?’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವತ್ತಿನಿಂದ ಗ್ರಂಥಾಲಯವೆಂದರೆ ನನಗೆ ಮನೆಗಿಂತ ಹೆಚ್ಚು. ಮೇ ತಿಂಗಳಲ್ಲಿ ಅಲ್ಲಿಯ ಫ್ಯಾನಿನ ಕೆಳಗೆ ನಾನು ಓದಿದ್ದೆಷ್ಟು, ನಿದ್ದೆ ಮಾಡಿದ್ದೆಷ್ಟು ಎಂಬ ಬಗ್ಗೆಯೂ ನನಗೆ ಖಾತ್ರಿಯಿಲ್ಲ.

ಅಲ್ಲಿನ ಮಕ್ಕಳ ಪುಸ್ತಕಗಳನ್ನು ಓದಿ ಸಿಟ್ಟು ಇನ್ನೂ ಹೆಚ್ಚಾಯಿತು. ಅವುಗಳಲ್ಲಿ ನಮ್ಮ ಕಡೆಯ ಒಂದು ಮಗುವೂ ಇರಲಿಲ್ಲ. ನಾನೇ ಬರೆದಾಗ ಆದದ್ದೇನು? ನನ್ನ ಕಥೆಯ ಹುಡುಗಿಯ ಮನೆಗೆ ಚಿತ್ರಕಾರರು ಕೆಂಪು ಹೆಂಚು ಹೊದಿಸಿ, ಅಂಗಳದಲ್ಲಿ ತೆಂಗಿನ ಮರ ನೆಟ್ಟರು. ಕಲ್ಲಿನ ಚಪ್ಪಡಿಯ ಮಾಳಿಗೆ ಎಂದು ಬರೆದದ್ದನ್ನು ಯಾರೂ ಓದಿರಲಿಲ್ಲ. ಆಮೇಲೆ ಗಾಜಿಪುರದಲ್ಲಿ ಪತಂಗ, ಅಂದರೆ ಗಾಳಿಪಟ, ಹಾರಿಸುವ ಹುಡುಗನ ಕಥೆ ಬರೆದೆ. ಅವನು ತಾಯಿಯನ್ನು ‘ಅಮ್ಮೀ’ ಎಂದು ಕರೆಯುತ್ತಾನೆ. ಅದು ‘ಅಮ್ಮ’ ಆಗಿ ಅಚ್ಚಾಯಿತು. ಅಚ್ಚಿನ ತಪ್ಪೇ ಎಂದು ಪ್ರಕಾಶಕರನ್ನು ಕೇಳಿದರೆ, ಎಲ್ಲ ಮಕ್ಕಳಿಗೂ ತಿಳಿಯಲಿ ಎಂದು ತಿದ್ದಿದೆವು ಎಂದರು. ಆ ಎಲ್ಲ ಮಕ್ಕಳಲ್ಲಿ ನಮ್ಮ ಮಕ್ಕಳು ಯಾಕೆ ಇಲ್ಲ ಎಂದು ಉದ್ದದ ಕಾಗದ ಬರೆದೆ. ಉತ್ತರ ಬರಲಿಲ್ಲ.

ಎರಡು ಸಾವಿರದ ಇಸವಿಯ ನಂತರದ ಮಾತು. ಕಮಲಾಪುರದ ವಾಚನಾಲಯದವರು ನನಗೆ ಸನ್ಮಾನ ಇಟ್ಟುಕೊಂಡರು; ಅರ್ಪಣೆಯಲ್ಲಿ ಹೆಸರಿದೆಯೆಂದು ಶಾಂತಾಳನ್ನೂ ಕರೆದರು. ಅವಳು ಆಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮನೆ ಮಾಡಿದ್ದಳು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಪುಸ್ತಕವನ್ನು ಅವಳು ಮೊದಲ ಸಲ ಓದಿದ್ದು ಆ ಬಸ್ಸಿನಲ್ಲೇ. ಓದಿ ಮುಗಿಸಿ, ಮತ್ತೆ ಅರ್ಪಣೆಯ ಪುಟಕ್ಕೆ ಬಂದಳು.

‘ಈ ಮಾತು ನಾ ಯಾವಾಗ ಅಂದಿದ್ದೆ?’

ಕಪಾಟಿನ ಮುಂದೆ ನಿಂತು ಎಂದು ನೆನಪಿಸಿದೆ.

‘ನಾ ಅಂದಿಲ್ಲಪಾ. ಒಂಟಿದು ಚಷ್ಮಾ ಬಾವ್ಯಾಗ ಬಿದ್ದಾದ, ಅದಕ್ಕ ಇಣಿಕಿ ನೋಡ್ಲಾಕತ್ತಾದ ಅಂದಿದ್ದೆ. ನೀವೆಲ್ಲ ಹೊಟ್ಟಿ ಹಿಡ್ಕೊಂಡು ನಕ್ಕಿದ್ರಿ.’

ನಾನು ಬಿಡಲಿಲ್ಲ. ನಿಮಗೆ ಊರ ಬಾವಿಯ ನೀರು ಬಿಡುತ್ತಿರಲಿಲ್ಲ ಎಂಬುದಾದರೂ ನಿಜವಲ್ಲವೇ ಎಂದೆ.

‘ಬಿಡ್ತಿರ್ಲಿಲ್ಲ, ಅದು ಖರೆ. ಹಂಗಂತ ಹಗಲಿ ರಾತ್ರಿ ನಾ ಅದನ್ನೇ ನೆನಸ್ಕೋತ ಕುಂದರ್ಬೇಕೇನು? ನನಗೂ ಒಂಟಿಗಿ ಚಷ್ಮಾ ಹಾಕಬೇಕು ಅನಸ್ತದ. ನೀವು ಕಲ್ತವರು ಕಥಿಯಾಗೂ ನಮಗ ಬರೇ ನೀರಡಿಕಿನೇ ಕೊಡ್ತೀರಿ ನೋಡು.’

ನನಗೆ ಅವಳ ಮೇಲೂ ಸಿಟ್ಟು ಬಂತು. ಅವಳದೇ ಮಾತು, ಅವಳೇ ಇಲ್ಲ ಅನ್ನುತ್ತಾಳಲ್ಲ! ಆದರೆ ಕಿಟಕಿಯಾಚೆ ತೊಗರಿ ಹೊಲಗಳನ್ನು ನೋಡುತ್ತ ಯೋಚಿಸಿದಂತೆ ಅಸಲು ಸಂಗತಿ ಹೊಳೆಯಿತು. ನಾನು ನೆನಪೆಂದು ಸಾಕಿಕೊಂಡದ್ದು ಬಹುಶಃ ಎಂ.ಎ. ತರಗತಿಯಲ್ಲಿ ಹುಟ್ಟಿದ್ದು. ಹುಡುಗಿ ಒಂಟೆಗೆ ಹಾಕಿದ್ದ ಕನ್ನಡಕ ಕಸಿದುಕೊಂಡು ಅವಳ ಕೈಗೆ ನನ್ನ ಸಿದ್ಧಾಂತ ಕೊಟ್ಟಿದ್ದೆ. ಹೆಂಚು ಹೊದಿಸಿ ‘ಅಮ್ಮೀ’ಯನ್ನು ತಿದ್ದಿದ ಪ್ರಕಾಶಕರಿಗೆ ನಾನು ಬರೆದ ಕಾಗದ ಆಗ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

ವಾಚನಾಲಯಕ್ಕೆ ಹೋದರೆ, ಅದೇ ಕಪಾಟು! ಶಾಲೆಯವರು ಕೊಟ್ಟದ್ದಂತೆ. ಒಂಟೆಯ ಪುಸ್ತಕ ಎಲ್ಲಿ ಎಂದು ಕೇಳಿದೆ. ಗೆದ್ದಲು ತಿಂದಿತಂತೆ. ಒಂದು ಊರಿನ ಮಕ್ಕಳಿಗೆ ಸಿಗದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಗೆದ್ದಲು ಮಾತ್ರ. ನನಗೆ ಶಾಲು ಹೊದಿಸಿದರು, ಕೆಂಪು ಬಾಳೆಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ವಾಚನಾಲಯದ ಅಧ್ಯಕ್ಷ ಮಲ್ಲಣ್ಣ ನನ್ನ ಪುಸ್ತಕಕ್ಕೆ ಕುಂಕುಮ ಹಚ್ಚಿ, ಬಾವಿಯ ಪುಟ ತೆರೆದು, ಕಪಾಟಿನಲ್ಲಿ ನಿಲ್ಲಿಸಿ ಬೀಗ ಹಾಕಿದರು. ಬೀಗದ ವಿರುದ್ಧ ಬರೆದ ಪುಸ್ತಕಕ್ಕೆ ಬೀಗ. ಜಮಖಾನದ ಮೇಲೆ ಸಾಲಾಗಿ ಕುಳಿತಿದ್ದ ಮಕ್ಕಳು ಚಪ್ಪಾಳೆ ತಟ್ಟಿದವು.

ನಾನು ಎದ್ದು ನಿಂತು ಸಿಟ್ಟಿನಿಂದ ಮಾತಾಡಿದೆ. ಬಹಳ ಚೆನ್ನಾಗಿ ಮಾತಾಡಿದಿರಿ ಎಂದು ಮಲ್ಲಣ್ಣ ನನಗೆ ಇನ್ನೊಂದು ಹಾರ ಹಾಕಿದರು.

ಆಗ ಶಾಂತಾ ಎದ್ದಳು. ಭಾಷಣ ಮಾಡಲಿಲ್ಲ. ಮಲ್ಲಣ್ಣನವರ ಮುಂದೆ ಹೋಗಿ ಕೈ ಚಾಚಿದಳು.

‘ಕೀಲಿಕೈ ಕೊಡ್ರಿ.’

‘ಹುಡುಗ್ರ ಕೈಯಾಗ ಕೊಟ್ರ ಹರದು ಹಾಕ್ತಾವ್ರಿ ಬಾಯಾರ.’

‘ಹರೀಲಿ. ಈ ಊರಾಗ ಇಲ್ಲಿ ತನಕ ಒಂದರೇ ಪುಸ್ತಕ ಹುಡುಗ್ರ ಕೈಯಾಗ ಹರದಾದೇನ್ರಿ?’

ಮಲ್ಲಣ್ಣ ನನ್ನ ಕಡೆ ನೋಡಿ, ಬರೆದವರು ಏನಂತಾರೋ ಎಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅವಳೇ ಹೇಳಿದಳು:

‘ಅವರಿಗೇನ್ ಕೇಳ್ತೀರಿ, ಅವರ ಕಥಿನೇ ತಪ್ಪದ. ಹುಡುಗ್ರು ಓದಿ ಸರಿ ಮಾಡ್ಲಿ.’

ಮಲ್ಲಣ್ಣ ಅತ್ತಿತ್ತ ನೋಡಿದರು. ಕೀಲಿಕೈ ಅವರ ಉಡದಾರದಲ್ಲಿತ್ತು, ಬಿಚ್ಚಲು ಬಾಗಿಲ ಮರೆಗೆ ಹೋಗಬೇಕಾಯಿತು. ಅಷ್ಟು ಹೊತ್ತು ಶಾಂತಾ ಮಕ್ಕಳಿಗೆ ಚಷ್ಮಾ ಕಳಕೊಂಡ ಒಂಟೆಯ ಕಥೆ ಹೇಳಿದಳು. ನನ್ನ ಭಾಷಣಕ್ಕೆ ಆಕಳಿಸಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕವು.

ಮಲ್ಲಣ್ಣ ಮರಳಿ ಬಂದು ಕಪಾಟು ತೆಗೆದರು ಎಂದು ನನ್ನ ನೆನಪು. ಗಾಜಿನ ಬಾಗಿಲು ಕಿರ್ ಎಂದದ್ದೂ ನನ್ನ ಕಿವಿಯಲ್ಲಿದೆ. ಶಾಂತಾ ಹೇಳುವುದೇ ಬೇರೆ: ಅವರು ಗಂಟು ಬಿಚ್ಚಲು ಬರಲಿಲ್ಲವೆಂದು ನಾಳೆ ನೋಡೋಣ ಎಂದರಂತೆ, ನಾವು ಬಸ್ಸಿಗೆ ತಡವಾಯಿತೆಂದು ಹೊರಟುಬಿಟ್ಟೆವಂತೆ. ಹಾಗಾದರೆ ಆ ಕಿರ್ ಸದ್ದು ಎಲ್ಲಿಯದು? ಬಸ್ಸಿನ ಬಾಗಿಲಿನದು ಎನ್ನುತ್ತಾಳೆ. ಗಣಿತದವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ಬೀಗ ತೆರೆಯಿತೋ ಇಲ್ಲವೋ ಎಂಬುದು ಎಷ್ಟೋ ದಿನ ನನ್ನನ್ನು ಕೊರೆಯಿತು.

ತಡೆಯಲಾರದೆ ಒಂದು ದಿನ ಯಾರಿಗೂ ಹೇಳದೆ ಕಮಲಾಪುರಕ್ಕೆ ಹೋದೆ. ಪುಸ್ತಕ ಕಪಾಟಿನಲ್ಲಿರಲಿಲ್ಲ, ಜಮಖಾನದ ಮೇಲೆ ಬಿದ್ದಿತ್ತು. ರಕ್ಷಾಪುಟ ಹರಿದಿತ್ತು, ಮೂಲೆಗಳಿಗೆ ಬಾಳೆಹಣ್ಣಿನ ಕಲೆ ಹತ್ತಿತ್ತು. ಬಾವಿಯ ಪುಟ ತೆರೆದೆ. ನೀರು ಸಿಗದೆ ತಲೆ ತಗ್ಗಿಸಿ ನಿಂತ ನನ್ನ ಒಂಟೆಯ ಮೂಗಿನ ಮೇಲೆ ಯಾರೋ ನೀಲಿ ಬಾಲ್‌ಪೆನ್ನಿನಲ್ಲಿ ಚಷ್ಮಾ ಬರೆದಿದ್ದರು. ನನ್ನ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಚಷ್ಮಾ ಇದೆ.