ಉಜ್ಜಪ್ಪನ ಸ್ವಂತ ಗೋಡೆ

ಉಜ್ಜಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ. ಅದು ಅವನ ಗುರುತಿನ ಚೀಟಿಯಲ್ಲಿ ಬೆಚ್ಚಗೆ ಕುಳಿತಿದೆ, ಹೊರಗೆ ಬಂದದ್ದು ಕಡಿಮೆ. ಮೂವತ್ತು ವರ್ಷಗಳಿಂದ ಊರವರ ಮನೆಯೊಳಗಿನ ಗೋಡೆಗಳನ್ನು ಕೆರೆದು, ತೊಳೆದು, ಬಿರುಕು ಮುಚ್ಚಿ, ಉಜ್ಜಿ ಉಜ್ಜಿ ವಾಲ್‌ಪೇಪರ್ ಅಂಟಿಸುವುದಕ್ಕೆ ಹದಮಾಡಿ ಕೊಡುವುದು ಅವನ ಕಸುಬು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಉಜ್ಜಪ್ಪ. ಕೋಪ ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಕೋಪ ಇಲ್ಲದಾಗ ‘ರೀ’ ಅನ್ನುತ್ತಾಳೆ.

ಕಾಗದ ಅಂಟಿಸುವವನು ಬೇರೆ. ಅವನು ಹೆಂಡತಿಯ ತಮ್ಮ, ಮಾತಿನ ಮಲ್ಲ. ಭಾವ ಭಾವಮೈದ ಇಬ್ಬರೂ ಜೋಡಿಯಾಗಿ ಕೆಲಸಕ್ಕೆ ಹೋಗುತ್ತಾರೆ. ಮೊದಲ ಮೂರು ದಿನ ಉಜ್ಜಪ್ಪನದು. ಹಳೆಯ ಕಾಗದಕ್ಕೆ ಬಿಸಿನೀರು ಹೊಡೆದು ನೆನೆಸಿ ಕೀಳುತ್ತಾನೆ, ಅದರ ಹಿಂದಿನ ಅಂಟನ್ನೆಲ್ಲ ತೊಳೆಯುತ್ತಾನೆ. ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಚಾಕುವಿನಿಂದ ಇನ್ನಷ್ಟು ಬಿಡಿಸಿ, ಒದ್ದೆ ಮಾಡಿ, ಪುಟ್ಟಿ ತುಂಬುತ್ತಾನೆ. ಆಮೇಲೆ ದೀಪವನ್ನು ಗೋಡೆಗೆ ಒತ್ತಿ ಹಿಡಿದು ಓರೆ ಬೆಳಕಿನಲ್ಲಿ ನೋಡುತ್ತಾನೆ. ಎಲ್ಲಿ ಸಾಸಿವೆಯಷ್ಟು ಉಬ್ಬಿದ್ದರೂ ನೆರಳು ಬೀಳುತ್ತದೆ, ಅಲ್ಲಿಗೆ ಸ್ಯಾಂಡ್‌ಪೇಪರ್ ಹೋಗುತ್ತದೆ. ನಾಲ್ಕನೆಯ ದಿನ ಭಾವಮೈದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಸಿಳ್ಳೆ ಹಾಕುತ್ತಾ ಮಧ್ಯಾಹ್ನದೊಳಗೆ ಕಾಗದ ಅಂಟಿಸಿಬಿಡುತ್ತಾನೆ. ಮನೆಯಾಕೆ ಬಂದು ನೋಡಿ ಕೆನ್ನೆಗೆ ಕೈ ಹಚ್ಚಿ, "ಅಬ್ಬಾ, ಎಷ್ಟು ಚೆನ್ನಾಗಿ ಅಂಟಿಸಿದೀರಿ! ಒಂದು ಸುಕ್ಕಿಲ್ಲ!" ಅನ್ನುತ್ತಾಳೆ. ಆ ಹೊತ್ತಿಗೆ ಉಜ್ಜಪ್ಪ ಹಿತ್ತಲಲ್ಲಿ ಬಕೆಟ್ ತೊಳೆಯುತ್ತಿರುತ್ತಾನೆ.

ಭಾವಮೈದ ಕೆಟ್ಟವನಲ್ಲ. "ಗೋಡೆ ನಮ್ಮ ಭಾವ ಮಾಡಿದ್ದು" ಎಂದು ಒಂದು ಮಾತು ಸೇರಿಸುತ್ತಾನೆ. ಆದರೆ ಕಣ್ಣ ಮುಂದೆ ಬಣ್ಣಬಣ್ಣದ ಹೂವು ಅರಳಿರುವಾಗ ಹಿಂದಿನ ಗೋಡೆಯ ಮಾತು ಯಾರ ಕಿವಿಗೆ ಬೀಳುತ್ತದೆ?

ಇಂಥ ಉಜ್ಜಪ್ಪನ ಸ್ವಂತ ಮನೆಯ ಮುಂಗೋಣೆಯ ಗೋಡೆ ಆರು ವರ್ಷಗಳಿಂದ ಬೋಳಾಗಿ ನಿಂತಿತ್ತು ಅಂದರೆ ನೀವು ನಂಬಬೇಕು.

ಹೆಂಡತಿ ಟೈಲರ್. ಮುಂಗೋಣೆಯೇ ಅವಳ ಅಂಗಡಿ. ಆರು ವರ್ಷದ ಹಿಂದೆ ಇಷ್ಟಪಟ್ಟು ನಾಲ್ಕು ರೋಲು ಕಾಗದ ತಂದಿದ್ದಳು. ತಿಳಿ ಹಳದಿಯ ಮೇಲೆ ಬೆರಳ ತುದಿಯಷ್ಟು ನೀಲಿ ಹಕ್ಕಿಗಳು. "ಒಂದು ವಾರದಲ್ಲಿ ಗೋಡೆ ಮಾಡಿಕೊಡ್ತೀನಿ" ಎಂದ ಉಜ್ಜಪ್ಪ ಮೊದಲ ವರ್ಷ ಹಳೆಯ ಬಣ್ಣ ಕೆರೆದ. ಎರಡನೆಯ ವರ್ಷ ಕಿಟಕಿಯ ಪಕ್ಕದಲ್ಲಿ ಒಂದು ಬಿರುಕು ಕಂಡಿತು. ಅದು ಮುಚ್ಚುವ ಹೊತ್ತಿಗೆ ಮೇಲ್ಗಡೆ ಇನ್ನೊಂದು. ಮೂರನೆಯ ವರ್ಷದಿಂದ ಓರೆ ಬೆಳಕು ಶುರುವಾಯಿತು. ಭಾನುವಾರ ಬಂತೆಂದರೆ ದೀಪ ಹಿಡಿದು ಗೋಡೆಗೆ ಕೆನ್ನೆ ಹಚ್ಚಿ ನಿಲ್ಲುವುದು, ಇಲ್ಲದ ಉಬ್ಬನ್ನು ಹುಡುಕಿ ಉಜ್ಜುವುದು. "ಇನ್ನೇನು ಆಯ್ತು ಕಣೇ, ಇದೊಂದು ಮೂಲೆ" ಎಂಬ ಮಾತನ್ನು ಆ ಮನೆ ಎಷ್ಟು ಸಲ ಕೇಳಿತ್ತೋ ಲೆಕ್ಕ ಇಟ್ಟವರಿಲ್ಲ.

ಅಳತೆ ಕೊಡಲು ಬಂದವರು, "ಮನೇಲಿ ರಿಪೇರಿ ನಡೀತಿದೆಯಾ?" ಎಂದು ಕೇಳುತ್ತಿದ್ದರು. ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಹೂಂ, ನಡೀತಿದೆ" ಅನ್ನುತ್ತಿದ್ದಳು. ಆರು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಈ ನಡುವೆ ಆ ನೀಲಿ ಹಕ್ಕಿಯ ಕಾಗದ ತಯಾರಿಸುವುದನ್ನೇ ಕಂಪನಿಯವರು ನಿಲ್ಲಿಸಿಬಿಟ್ಟಿದ್ದರು.

ನಿಜ ಸಂಗತಿ ಏನೆಂದರೆ, ಉಜ್ಜಪ್ಪನಿಗೆ ಆ ಗೋಡೆಯನ್ನು ಮುಚ್ಚಲು ಮನಸ್ಸಿರಲಿಲ್ಲ. ಇದನ್ನು ಅವನು ಯಾರ ಹತ್ತಿರವೂ ಹೇಳಿರಲಿಲ್ಲ, ತನಗೆ ತಾನೂ ಸರಿಯಾಗಿ ಹೇಳಿಕೊಂಡಿರಲಿಲ್ಲ.

ಆದರೆ ಹೆಂಡತಿಗೆ ಈಗ ಬೇರೆಯೇ ಹುಮ್ಮಸ್ಸು ಬಂದಿತ್ತು. ಹೊಲಿಗೆ ಕ್ಲಾಸು ಶುರುಮಾಡಬೇಕೆಂದು ಅವಳು ಬಹಳ ಕಾಲದಿಂದ ಆಸೆ ಇಟ್ಟುಕೊಂಡಿದ್ದಳು. ಕೊನೆಗೂ ಆರು ಜನ ಹೆಂಗಸರು ಹೆಸರು ಬರೆಸಿದರು. ಒಂದು ಭಾನುವಾರ ಅವಳು ಹೊಲಿಗೆ ಯಂತ್ರ ನಿಲ್ಲಿಸಿ, ಕನ್ನಡಕ ತೆಗೆದಿಟ್ಟಳು. ಅವಳು ಕನ್ನಡಕ ತೆಗೆದಳೆಂದರೆ ಮಾತು ಗಟ್ಟಿ.

"ನೋಡಿ ಉಜ್ಜಪ್ಪನವರೇ, ನಾಳೆ ಬಿಟ್ಟು ಬರೋ ಸೋಮವಾರ ಕ್ಲಾಸು ಶುರು. ನಾನು ಟೀಚರ್ ಆಗಿ ಮೊದಲ ದಿನ. ಈ ಬೋಳು ಗೋಡೆ ಮುಂದೆ ನಿಂತು ನಾನು ಅಂದ ಚೆಂದದ ಪಾಠ ಹೇಳಲ್ಲ. ಶನಿವಾರ ತಮ್ಮ ಬರ್ತಾನೆ, ಕಾಗದ ಅಂಟಬೇಕು. ಅಂಟಲಿಲ್ವೋ, ಅವನು ಕಾಗದ ಇಡೋ ಗೋಡೌನಿಗೆ ಯಂತ್ರ ಸಾಗಿಸಿ ಅಲ್ಲೇ ಕ್ಲಾಸು ಮಾಡ್ತೀನಿ. ನೀವು ನಿಮ್ಮ ಗೋಡೆ ಜೊತೆ ಸಂಸಾರ ಮಾಡ್ಕೊಂಡಿರಿ."

ಉಜ್ಜಪ್ಪ ತಲೆಯಾಡಿಸಿದ. ಕೊನೆಯ ವಾರವೆಂದು ಗೊತ್ತಾದ ಮೇಲೆ ಅವನ ಕೈಗೆ ಹಿಡಿತವೇ ಇಲ್ಲದಾಯಿತು. ಸೋಮವಾರ ನಯವಾದ ಸ್ಯಾಂಡ್‌ಪೇಪರ್, ಮಂಗಳವಾರ ಅದಕ್ಕಿಂತ ನಯದ್ದು. ಬುಧವಾರ ಎಣ್ಣೆಯ ಪ್ರೈಮರ್ ಒಂದು ಕೋಟು, ಗುರುವಾರ ಇನ್ನೊಂದು, ನಡುವೆ ಮತ್ತೆ ಉಜ್ಜು. ಶುಕ್ರವಾರ ಮೆತ್ತನೆ ಬಟ್ಟೆ ಹಿಡಿದು, ಮಗುವಿಗೆ ಸ್ನಾನ ಮಾಡಿಸಿ ಮೈ ಒರೆಸುವ ಹಾಗೆ, ಮೇಲಿನಿಂದ ಕೆಳಗಿನವರೆಗೆ ಒರೆಸಿದ. ಸಂಜೆ ಹೆಂಡತಿ ಅದರ ಮುಂದೆ ಹಾದುಹೋದಾಗ ಅವಳ ಸೀರೆಯ ಬಣ್ಣ ಗೋಡೆಯಲ್ಲಿ ಕಂಡಿತು. ಉಜ್ಜಪ್ಪನಿಗೆ ಎದೆ ತುಂಬಿ ಬಂತು. ಇಂಥ ಗೋಡೆ ಅವನ ಜನ್ಮದಲ್ಲಿ ಇನ್ನೊಂದಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಭಾವಮೈದ ಇಸ್ತ್ರಿ ಅಂಗಿಯಲ್ಲಿ ಬಂದ. ಒಂಬತ್ತು ಪಟ್ಟಿ ಬೇಕು, ನಾಲ್ಕು ರೋಲಿನಲ್ಲಿ ಹನ್ನೆರಡು ಸಿಗುತ್ತವೆ ಎಂದು ಅಳೆದು ಕತ್ತರಿಸಿದ. ಮೊದಲ ಪಟ್ಟಿಗೆ ಅಂಟು ಬಳಿದು, ಏಣಿ ಹತ್ತಿ, ಮೇಲಿನಿಂದ ಅಂಟಿಸಿ ಬ್ರಷ್ ಎಳೆದ. ಸಿಳ್ಳೆ ಹಾಕುತ್ತಾ ಕೆಳಗಿಳಿದು ನೋಡಿದರೆ ಹಕ್ಕಿಗಳೆಲ್ಲ ಒಂದು ಗೇಣು ಕೆಳಗಿದ್ದವು. ಮೇಲಕ್ಕೆ ತಳ್ಳಿದ. ತಳ್ಳಿದಷ್ಟೇ ಸಲೀಸಾಗಿ ಅವು ಮತ್ತೆ ಕೆಳಗೆ ಬಂದವು. ಇನ್ನೊಂದು ಸಲ ತಳ್ಳುವಾಗ ಕಾಗದ ನಡುವೆ ಹರಿಯಿತು.

ಸಿಳ್ಳೆ ನಿಂತಿತು. ಎರಡನೆಯ ಪಟ್ಟಿಗೆ ಅವನು ಅಂಟು ಗಟ್ಟಿ ಮಾಡಿಕೊಂಡ. ಅದು ಐದು ನಿಮಿಷ ನೆಟ್ಟಗೆ ನಿಂತು, ಎಲ್ಲರೂ ಉಸಿರು ಬಿಡುತ್ತಿದ್ದಂತೆ ಮೇಲಿನಿಂದ ಕಳಚಿ, ಏಣಿಯ ಬುಡದಲ್ಲಿ ಬಗ್ಗಿದ್ದ ಭಾವಮೈದನ ತಲೆಯಿಂದ ಸೊಂಟದವರೆಗೆ ಹೊದಿಕೆಯಂತೆ ಬಿತ್ತು. ಒಳಗಿನಿಂದ ಅವನ ದನಿ ಕೇಳಿಸಿತು.

"ಭಾವ, ಗೋಡೆಗೆ ಏನ್ ಮಾಡಿದ್ರಿ?"

"ಏನಿಲ್ಲ ಕಣೋ, ಒಂಚೂರು ಉಜ್ಜಿದೆ."

"ಒಂಚೂರು ಅಂದ್ರೆ?"

ಭಾವಮೈದ ಮೈಮೇಲಿನ ಹಕ್ಕಿಗಳನ್ನು ಕಿತ್ತುಹಾಕಿ, ಗೋಡೆಯ ಮೇಲೆ ಅಂಗೈ ಆಡಿಸಿ ಕಣ್ಣರಳಿಸಿದ. "ಅಯ್ಯೋ ದೇವ್ರೇ! ಇದು ಗೋಡೆಯಲ್ಲ, ಜಾರುಬಂಡೆ! ಅಕ್ಕಾ, ಇದರ ಮೇಲೆ ನೊಣ ಕೂತ್ರೂ ಕಾಲು ಮುರ್ಕೊಳ್ಳುತ್ತೆ!"

ಅವನು ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿಗೂ ನಗು ತಡೆಯಲಾಗಲಿಲ್ಲ. ಉಜ್ಜಪ್ಪ ಮಾತ್ರ ನಗಲಿಲ್ಲ. ಕಾಗದ ಅಂಟಬೇಕಾದರೆ ಗೋಡೆಗೆ ಒಂದಿಷ್ಟು ತರಿ ಬೇಕು, ಅಂಟು ಹಿಡಿದುಕೊಳ್ಳಲು ಏನಾದರೂ ಇರಬೇಕು. ಕೆಲಸಕ್ಕೆ ಹೊಸದಾಗಿ ಬಂದವರಿಗೆಲ್ಲ ಅವನು ಮೊದಲ ದಿನವೇ ಹೇಳಿಕೊಡುವ ಮಾತು ಅದು. ಮೂವತ್ತು ವರ್ಷದಲ್ಲಿ ಯಾರ ಮನೆಯಲ್ಲೂ ಮಾಡದ ತಪ್ಪನ್ನು ತನ್ನ ಮನೆಯಲ್ಲಿ ಮಾಡಿಕೊಂಡು ಅವನು ಇಂಗು ತಿಂದ ಮಂಗನಂತೆ ನಿಂತಿದ್ದ.

ಭಾವಮೈದ ಕಣ್ಣೊರೆಸಿಕೊಂಡು ಹೇಳಿದ. "ಮದ್ದು ನಿಮಗೇ ಗೊತ್ತಲ್ಲ ಭಾವ. ಒರಟು ಸ್ಯಾಂಡ್‌ಪೇಪರ್ ತಗೊಂಡು ಪೂರ್ತಿ ಗೀರಬೇಕು. ತೊಳೆದು, ತೆಳ್ಳಗೆ ಅಂಟು ಬಳಿದು ಬಿಟ್ರೆ ನಾಳೆ ಅಂಟಿಸ್ತೀನಿ. ಉಳಿದಿರೋದು ಹತ್ತು ಪಟ್ಟಿ. ಇನ್ನು ಒಂದೇ ಒಂದು ಹಾಳಾಗಬಹುದು, ಅಷ್ಟೇ." ಹೀಗೆ ಹೇಳಿ ಅಂಗಿ ಬದಲಾಯಿಸಲು ತನ್ನ ಮನೆಗೆ ಹೊರಟ.

ಉಜ್ಜಪ್ಪ ಒರಟು ಸ್ಯಾಂಡ್‌ಪೇಪರ್ ಕೈಗೆ ತೆಗೆದುಕೊಂಡ. ಗೋಡೆಯ ಹತ್ತಿರ ಹೋದ. ಹಿಂದೆ ಬಂದ. ಕಿಟಕಿ ತೆರೆದ. ಬಕೆಟ್ ತುಂಬಿಸಿದ. ತುಂಬಿದ ಬಕೆಟನ್ನು ಈ ಬದಿಯಿಂದ ಆ ಬದಿಗೆ ಇಟ್ಟ.

ಹೆಂಡತಿ ಸ್ಟೂಲ್ ಎಳೆದುಕೊಂಡು ಕುಳಿತಳು. "ರೀ, ನಿಜ ಹೇಳಿ. ನಿಮಗೆ ಇದು ಅಂಟೋದೇ ಬೇಡ ಆಗಿತ್ತು ಅಲ್ವಾ?"

ಅವನು ಕೈಯಲ್ಲಿದ್ದ ಸ್ಯಾಂಡ್‌ಪೇಪರನ್ನು ಮಡಚಿ ಬಿಚ್ಚಿ ಮಾಡಿದ. ಆಮೇಲೆ ಗೋಡೆಗೇ ಹೇಳುವವನಂತೆ ಹೇಳಿದ. "ಎಷ್ಟು ಮನೆ ಮಾಡಿದೀನಿ ಗೊತ್ತಾ? ಯಾವುದಾದ್ರೂ ಒಂದು ಮನೆಗೆ ನಿನ್ನ ಕರ್ಕೊಂಡು ಹೋಗಿ, ನೋಡೇ, ಇದು ನಾನು ಮಾಡಿದ್ದು ಅಂತ ತೋರಿಸೋಕಾಗಲ್ಲ. ಎಲ್ಲಾ ಕಾಗದದ ಹಿಂದೆ ಹೋಯ್ತು. ಕೆಲಸ ಚೆನ್ನಾಗಿ ಮಾಡಿದಷ್ಟೂ ನಾನು ಕಾಣಲ್ಲ. ಕೆಟ್ಟದಾಗಿ ಮಾಡಿದ್ರೆ ಮಾತ್ರ ಕರೆದು ಬೈತಾರೆ. ಇದೊಂದಾದ್ರೂ ಯಾರಾದ್ರೂ ನೋಡೋ ಹಾಗೆ ಇರ್ಲಿ ಅನ್ನಿಸ್ತು. ನಿನ್ನ ಕ್ಲಾಸು ಹಾಳು ಮಾಡ್ಬೇಕು ಅಂತ ಅಲ್ಲ."

ಸಮಾಧಾನದ ಮಾತು ಬರುತ್ತದೆ ಅಂದುಕೊಂಡಿದ್ದ. ಬಂದದ್ದು ಸಿಡುಕು.

"ಯಾರಾದ್ರೂ ಅಂದ್ರೆ ಯಾರ್ರೀ? ಆರು ವರ್ಷ ದಿನಾ ಎಂಟು ಗಂಟೆ ಈ ಗೋಡೆ ಎದುರಿಗೆ ಕೂತು ಹೊಲಿದವಳು ನಾನು. ಎಲ್ಲಿ ಬಿರುಕಿತ್ತು, ಎಲ್ಲಿ ಎಷ್ಟು ಸಲ ಪುಟ್ಟಿ ಹಾಕಿದ್ರಿ, ಮೇಲ್ಗಡೆ ಆ ಮೂಲೆಗೆ ಏಣಿ ಸಾಲದೆ ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿದ್ದು, ಎಲ್ಲಾ ನೋಡಿದೀನಿ. ನಾನು ನೋಡಿದ್ದು ಲೆಕ್ಕಕ್ಕೇ ಇಲ್ವಾ?"

ಇಷ್ಟು ವರ್ಷ ಉಜ್ಜಪ್ಪ ಗೋಡೆಗೆ ಕೆನ್ನೆ ಹಚ್ಚಿ ನಿಂತಾಗಲೆಲ್ಲ ಯಂತ್ರದ ಸದ್ದು ಬೆನ್ನ ಹಿಂದೆ ಒಂದು ಗಳಿಗೆ ನಿಲ್ಲುತ್ತಿತ್ತು. ದಾರ ಕಿತ್ತುಹೋಗಿರಬೇಕು ಅಂದುಕೊಳ್ಳುತ್ತಿದ್ದ. ಅದು ದಾರವಲ್ಲ ಎಂದು ಈಗ ಹೊಳೆದು, ಅವನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

"ಇದೆ ಕಣೇ," ಎಂದ. "ಲೆಕ್ಕಕ್ಕಿದೆ."

"ಹಾಗಾದ್ರೆ ಗೀರಿ. ನನಗೆ ಸೋಮವಾರ ಕ್ಲಾಸಿದೆ."

ಮೊದಲ ಗೀರಿಗೆ ಅವನ ಹಲ್ಲು ಜುಮ್ಮೆಂದಿತು. ಎರಡನೆಯದಕ್ಕೆ ಮುಖ ಕಿವುಚಿದ. ಹತ್ತನೆಯ ಗೀರಿನ ಹೊತ್ತಿಗೆ ಕೈಗೆ ಹಳೆಯ ಲಯ ಸಿಕ್ಕಿತು, ಅರ್ಧ ಗೋಡೆ ಮುಗಿಯುವಷ್ಟರಲ್ಲಿ ಅವನೇ ಸಿಳ್ಳೆ ಹಾಕುತ್ತಿದ್ದ. ಭಾವಮೈದನ ಸಿಳ್ಳೆಗಿಂತ ಕೆಟ್ಟದಾಗಿತ್ತು, ಆದರೂ ಹೆಂಡತಿ ಏನೂ ಅನ್ನಲಿಲ್ಲ. ಅವಳು ಒದ್ದೆ ಬಟ್ಟೆ ಹಿಡಿದು ಹಿಂದಿನಿಂದ ಧೂಳು ಒರೆಸುತ್ತಾ ಬಂದಳು. ಸಂಜೆಗೆ ಇಬ್ಬರ ಕೂದಲೂ ಒಂದೇ ಸಮ ಬೆಳ್ಳಗಾಗಿ, ಒಬ್ಬರನ್ನೊಬ್ಬರು ನೋಡಿ, "ಅಜ್ಜಿ" "ಅಜ್ಜ" ಎಂದು ಕರೆದುಕೊಂಡು ಟೀ ಕುಡಿದರು.

ಭಾನುವಾರ ಒಂಬತ್ತು ಪಟ್ಟಿಗಳೂ ಹೇಳಿದ ಮಾತು ಕೇಳಿಕೊಂಡು ಅಂಟಿದವು. ಕೊನೆಯದನ್ನು ಒತ್ತಿದ ಮೇಲೂ ಭಾವಮೈದ ಸ್ವಲ್ಪ ಹೊತ್ತು ಕೆಳಗೆ ಕೈ ಚಾಚಿಕೊಂಡೇ ನಿಂತಿದ್ದ, ಮತ್ತೆ ತಲೆ ಮೇಲೆ ಬೀಳಬಾರದಲ್ಲ.

ಸೋಮವಾರ ಆರು ಜನ ವಿದ್ಯಾರ್ಥಿನಿಯರು ಹೊಸ ಕತ್ತರಿ ಹಿಡಿದು ಬಂದರು. ಬಂದವರೇ ಗೋಡೆ ನೋಡಿ, "ಅಯ್ಯೋ, ಎಷ್ಟು ಮುದ್ದಾಗಿದೆ! ಎಲ್ಲಿ ತಗೊಂಡ್ರಿ? ಯಾರು ಅಂಟಿಸಿದ್ರು?" ಎಂದು ಮುತ್ತಿಕೊಂಡರು. ಉಜ್ಜಪ್ಪ ಕೆಲಸಕ್ಕೆ ಹೊರಟವನು ಬಕೆಟ್ ಹಿಡಿದು ಬಾಗಿಲಲ್ಲಿದ್ದ. ಸದ್ದಿಲ್ಲದೆ ಜಾರಿಕೊಳ್ಳುವ ಅಂದಾಜಿನಲ್ಲಿದ್ದ.

ಹೆಂಡತಿ ಕನ್ನಡಕ ತೆಗೆದಳು.

"ಕಾಗದ ಅಂಗಡೀದು. ಅಂಟಿಸಿದ್ದು ನನ್ನ ತಮ್ಮ, ಅರ್ಧ ದಿನದ ಕೆಲಸ. ಅದರ ಹಿಂದಿರೋ ಗೋಡೆ ಇದೆಯಲ್ಲ, ಅದನ್ನ ಮಾಡಿದ್ದು ಅಗೋ, ಬಾಗಿಲಲ್ಲಿ ನಿಂತಿದ್ದಾರಲ್ಲ, ನಮ್ಮನೆಯವ್ರು. ಆರು ವರ್ಷ ಹಿಡೀತು. ಗೋಡೆ ಸರಿ ಇಲ್ಲದಿದ್ರೆ ಈ ಹಕ್ಕಿ ಒಂದೂ ನಿಲ್ತಿರಲಿಲ್ಲ. ಬನ್ನಿ, ಎಲ್ಲರೂ ಕೈ ಇಟ್ಟು ನೋಡಿ."

ಆರು ತಲೆಗಳು ಬಾಗಿಲ ಕಡೆ ತಿರುಗಿದವು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಜನ ಕಾಗದ ಬಿಟ್ಟು ಅವನನ್ನು ನೋಡುತ್ತಿದ್ದರು. ಉಜ್ಜಪ್ಪನಿಗೆ ಕಿವಿ ಕೆಂಪಾಯಿತು, ಏನಾದರೂ ಹೇಳಲೇಬೇಕು ಅನ್ನಿಸಿತು.

"ಸ್ವಿಚ್ಚಿನ ಪಕ್ಕದಲ್ಲಿ ಒಂದು ಕಡೆ ಒಂಚೂರು ಉಬ್ಬಿದೆ," ಎಂದ.

ಆರು ಜನರೂ ಹುಡುಕಲು ಹೋದರು. ಬಗ್ಗಿ ನೋಡಿದರು, ಅಂಗೈ ಆಡಿಸಿದರು, ಒಬ್ಬಳಂತೂ ಗೋಡೆಗೆ ಕೆನ್ನೆಯನ್ನೇ ಹಚ್ಚಿದಳು. ಯಾರಿಗೂ ಸಿಗಲಿಲ್ಲ. ಕೆಲಸಕ್ಕೆ ಹೊತ್ತಾಗಿದ್ದರೂ ಉಜ್ಜಪ್ಪ ಬಕೆಟನ್ನು ಕೆಳಗಿಟ್ಟು, ಅವರು ಹುಡುಕಿ ಮುಗಿಸುವವರೆಗೂ ಅಲ್ಲೇ ನಿಂತಿದ್ದ.